ಅರಗು ಹಾಕಿದ ಮೇಲೆ ಬಿದ್ದ ವೋಟು

ನೀವು ನಂಬದಿದ್ದರೂ ನನಗೆ ಬೇಜಾರಿಲ್ಲ ಮಾರಾಯ್ರೆ. ಬೇರೆ ಯಾರಾದ್ರೂ ಹೇಳಿದ್ದರೆ ನಾನೇ ನಗ್ತಿದ್ದೆ. ಆದರೆ ಆ ಶಬ್ದ ಕೇಳಿದ್ದು ನನ್ನ ಕಿವಿಯೇ.

ನಾನು ಹೈಸ್ಕೂಲು ಮೇಷ್ಟ್ರು. ಹೋದ ಚುನಾವಣೆಯಲ್ಲಿ ಕಿಗ್ಗದಾಚೆಯ ಒಂದು ಮತಗಟ್ಟೆಗೆ ನನ್ನನ್ನು ಅಧಿಕಾರಿಯಾಗಿ ಹಾಕಿದ್ದರು. ಸಂಜೆ ಮುಗಿಸುವ ಹೊತ್ತಿಗೆ ಸಾಲಲ್ಲಿ ಉಳಿದಿದ್ದು ಗಂಡ ಹೆಂಡತಿ ಇಬ್ಬರೇ, ತಿಮ್ಮಪ್ಪಣ್ಣ ಮತ್ತು ಗುಲಾಬಮ್ಮ. ತಿಮ್ಮಪ್ಪಣ್ಣ ವೋಟು ಹಾಕಿ ಬಂದರು. ಗುಲಾಬಮ್ಮನ ಬೆರಳಿಗೆ ಶಾಯಿ ಹಚ್ಚಿ ಒಳಗೆ ಕಳಿಸಿದೆವು. ಅವರು ರಟ್ಟಿನ ಮರೆಗೆ ಹೋದರು... ವೋಟು ಬಿದ್ದಾಗ ಪೀ ಅನ್ನುತ್ತಲ್ಲ, ಆ ಶಬ್ದ ಬರಲೇ ಇಲ್ಲ. ಧೊಪ್ಪಂತ ಬಿದ್ದದ್ದು ಕೇಳಿತು.

ಓಡಿ ಹೋಗಿ ನೋಡುವಷ್ಟರಲ್ಲಿ ಉಸಿರು ನಿಂತಿತ್ತು.

ತಿಮ್ಮಪ್ಪಣ್ಣ ಹೆಂಡತಿಯ ಕೈ ಹಿಡ್ಕೊಂಡು ಕೂತುಬಿಟ್ಟರು. "ಮೇಷ್ಟ್ರೇ, ಬೆಳಿಗ್ಗೆಯಿಂದ ವೋಟು ವೋಟು ಅಂತಿದ್ಲು. ಬೆರಳು ಇನ್ನೂ ಬೆಚ್ಚಗಿದೆ... ಒಂದ್ಸಲ ಒತ್ತಿಸ್ಲಾ?"

"ಆಗಲ್ಲ ಅಣ್ಣ," ಅಂದೆ. ಒಬ್ಬರ ಬೆರಳು ಹಿಡಿದು ಇನ್ನೊಬ್ಬರು ಒತ್ತಿಸಿದರೆ ಅದು ಯಾರ ವೋಟು?

ಪಕ್ಷಗಳ ಏಜೆಂಟರ ಎದುರೇ ಗುಲಾಬಮ್ಮನ ಸರದಿ ರದ್ದು ಮಾಡಿ, ಮತದಾನ ಮುಗಿಸುವ ಗುಂಡಿ ಒತ್ತಿ, ಮಷೀನು ಆಫ್ ಮಾಡಿ, ಅದನ್ನಿಟ್ಟ ಪೆಟ್ಟಿಗೆಗೆ ಅರಗಿನ ಮುದ್ರೆ ಹಾಕಿದೆ. ಆ ಗುಂಡಿ ಒತ್ತಿದ ಮೇಲೆ ದೇವರೇ ಬಂದರೂ ವೋಟು ಹಾಕೋಕಾಗಲ್ಲ.

ರಾತ್ರಿ ಪೆಟ್ಟಿಗೆ ಒಪ್ಪಿಸೋಕೆ ಜೀಪಿನಲ್ಲಿ ಕೊಪ್ಪದ ಕಡೆ ಹೊರಟೆವು. ಕಾಡಿನ ದಾರಿ. ತೊಡೆ ಮೇಲಿದ್ದ ಪೆಟ್ಟಿಗೆಯಿಂದ ಸುಟ್ಟ ಅರಗಿನ ವಾಸನೆ ಬರ್ತಿತ್ತು.

ಆಗ ಒಳಗಿಂದ... ಪೀ... ಅಂತ ಉದ್ದಕ್ಕೆ ಕೂಗಿತು.

ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ನಮ್ಮ ಜೊತೆ ಡ್ಯೂಟಿಯಲ್ಲಿದ್ದ ಶೋಭಾ ಟೀಚರ್ ನನ್ನ ತೋಳು ಹಿಡಿದರು. "ಸರ್... ಅದು ವೋಟು ಬಿದ್ದ ಶಬ್ದ ಅಲ್ವಾ?"

"ಸುಮ್ನಿರಿ ಟೀಚರ್."

ಟಾರ್ಚ್ ಬಿಟ್ಟು ನೋಡಿದೆ. ಮುದ್ರೆ ಒಂಚೂರೂ ಬಿರುಕು ಬಿಟ್ಟಿರಲಿಲ್ಲ.

ಎಣಿಕೆಯ ದಿನ ಫೋನು ಬಂತು. ನಾನು ಬರೆದುಕೊಟ್ಟ ಲೆಕ್ಕಕ್ಕಿಂತ ಮಷೀನಿನಲ್ಲಿ ಒಂದು ವೋಟು ಹೆಚ್ಚಂತೆ. ಗೆದ್ದ ಅಂತರ ದೊಡ್ಡದಿದ್ದ ಕಾರಣ ಯಾರೂ ಜಗಳಕ್ಕೆ ಬರಲಿಲ್ಲ. ನನಗೆ ಮಾತ್ರ ಅನ್ನ ಸೇರಲಿಲ್ಲ. ಮುದ್ರೆ ಹಾಕಿದ ಪೆಟ್ಟಿಗೆಯೊಳಗೆ ಒಂದು ಬೀಳಬಹುದಾದರೆ, ನೂರು ಬೀಳಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?

ಮೊನ್ನೆ ಜಯಪುರದ ಬಸ್ ಸ್ಟ್ಯಾಂಡಿನಲ್ಲಿ ತಿಮ್ಮಪ್ಪಣ್ಣ ಸಿಕ್ಕರು. ತುಂಬಾ ಇಳಿದುಹೋಗಿದ್ದರು. ಅವರಿಗಾದರೂ ಸಮಾಧಾನವಾಗಲಿ ಅಂತ ಕಿವಿಯಲ್ಲಿ ಹೇಳಿಬಿಟ್ಟೆ. "ಅಣ್ಣ, ಗುಲಾಬಮ್ಮನ ವೋಟು ಬಿದ್ದಿದೆ."

ಅವರು ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಅವಳೇ ಒತ್ತಿದ್ಲಾ ಮೇಷ್ಟ್ರೇ... ಇಲ್ಲಾ ಬೇರೆ ಯಾರಾದ್ರೂ ಒತ್ತಿದ್ರಾ?"