ಸ್ಕ್ರೀನಿಗೆ ಬಳೆ ಹಿಡಿಯುತ್ತಿದ್ದ ಚಿಕ್ಕತಾಯಕ್ಕ

ಚಿಕ್ಕತಾಯಕ್ಕ ಯಾರ ಮನೆಗೆ ಕಂಪ್ಯೂಟರ್ ನೋಡಲು ಬಂದರೂ ಮೊದಲು ಕೇಳುತ್ತಿದ್ದದ್ದು ಆ ಮನೆ ಹೆಂಗಸಿನ ಕೈಬಳೆ. "ಒಂದ್ ಬಳೆ ಬಿಚ್ಕೊಡವ್ವ, ಇಲ್ಲೇ ಕೊಟ್ಟೋಯ್ತೀನಿ" ಅನ್ನುವರು. ಕಂಪ್ಯೂಟರಿನಲ್ಲಿ ಒಂದು ವೃತ್ತ ಬರೆದು, ಅದನ್ನು ಬಳೆಯಷ್ಟು ದೊಡ್ಡದು ಮಾಡಿ, ಬಳೆಯನ್ನು ಸ್ಕ್ರೀನಿನ ಮೇಲೆ ಹಿಡಿಯುವರು. ಗೆರೆ ಬಳೆಗೆ ಸರಿಯಾಗಿ ಕೂತರೆ ಸ್ಕ್ರೀನಿನ ಅಳತೆ ಸರಿ. ಪಕ್ಕಕ್ಕೆ ಉಬ್ಬಿ ಮೊಟ್ಟೆಯಂತೆ ಕಂಡರೆ ರೆಸಲ್ಯೂಷನ್ ಕೆಟ್ಟಿದೆ ಎಂದು ಲೆಕ್ಕ. ಕೀಬೋರ್ಡಿಗೆ ತಗಲುತ್ತದೆ ಎಂದು ಅವರು ಬಳೆಯನ್ನೇ ಹಾಕುತ್ತಿರಲಿಲ್ಲ.

ಹುಟ್ಟಿದ್ದು ಕೆರಗೋಡಿನಲ್ಲಿ. ಗಂಡ ಬೇಗ ತೀರಿಕೊಂಡ ಮೇಲೆ ಮಂಡ್ಯಕ್ಕೆ ಬಂದು, ಫ್ಲೆಕ್ಸ್ ಬೋರ್ಡ್ ಮಾಡುವ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ಡಿಸೈನ್ ಮಾಡಿದವರು. ಮದುವೆ, ತಿಥಿ, ಎಲೆಕ್ಷನ್ ಎಂದು ಊರಿನ ಮುಖಗಳೆಲ್ಲ ಅವರ ಕೈ ಹಾದು ಹೋಗಿದ್ದವು. "ಮೊಕ ಒಂಚೂರು ಅಗಲ ಆದ್ರೂ ನನ್ನೇ ಬಯ್ಯೋರು. ಆ ಬೈಗುಳದಲ್ಲೇ ಕಲ್ತಿದ್ದು ಕಣಮ್ಮ ಇದ್ನೆಲ್ಲ" ಎಂದು ನಗುವರು. ಮಂಡ್ಯದ ಗುತ್ತಲು ಬಡಾವಣೆಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ನಾನು ಸಂಜೆ ದೀಪ ಹಚ್ಚುವಾಗ ಆ ದಿನ ಸಿಕ್ಕ ಸಣ್ಣಪುಟ್ಟ ಕೃಪೆಗಳನ್ನು ಎಣಿಸಿಕೊಳ್ಳುವವಳು. ಹಾಲು ಉಕ್ಕುವ ಮುಂಚೆ ಕೈಗೆ ಸಿಕ್ಕಿದ್ದು, ನಲ್ಲಿಯಲ್ಲಿ ನೀರು ಬಂದದ್ದು, ಹೀಗೆ. ಚಿಕ್ಕತಾಯಕ್ಕ ಅಷ್ಟು ಹತ್ತಿರ ಇದ್ದದ್ದೂ ಆ ಎಣಿಕೆಯಲ್ಲಿತ್ತು.

ಬಾಯಿ ಮಾತ್ರ ಬಲು ಒರಟು. ನಮ್ಮ ಪಕ್ಕದ ಮನೆಯ ಬೋರಣ್ಣ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಕಣ್ಣು ಮಂಜಾಯಿತೆಂದು ಅಕ್ಷರ ದೊಡ್ಡದು ಮಾಡಲು ಹೋಗಿ ರೆಸಲ್ಯೂಷನ್ನೇ ಇಳಿಸಿಬಿಟ್ಟಿದ್ದರು. ಮಗಳ ಮದುವೆ ವಿಡಿಯೊ ಹಾಕಿದರೆ ಅವರ ಹೆಂಡತಿ ಗುಡಾಣದ ಹಾಗೆ ಕಂಡರಂತೆ. ಆಯಮ್ಮ ಮುನಿಸಿಕೊಂಡು ರಾತ್ರಿ ಮುದ್ದೆಯನ್ನೇ ತಟ್ಟಲಿಲ್ಲ. ಚಿಕ್ಕತಾಯಕ್ಕ ಬಂದು ನೋಡಿ, "ಬೋರಣ್ಣ, ಅಕ್ಸರ ದೊಡ್ಡದು ಬೇಕಾದ್ರೆ ಅಕ್ಸರ ದೊಡ್ಡದು ಮಾಡ್ಕೊ. ಅದಕ್ಕೇ ಬ್ಯಾರೆ ಜಾಗ ಅದೆ. ಸ್ಕ್ರೀನ್ ಅಳತೆ ಯಾಕ್ ಕೆಡಿಸ್ದೆ? ಸೆಕೆ ಆಯ್ತು ಅಂತ ಮನೆ ಸೂರು ಕೀಳ್ತಾರಾ?" ಅಂದರು. ಸರಿಮಾಡಿ ಎದ್ದು ಹೊರಡುವಾಗ ಅಡುಗೆಮನೆ ಕಡೆ ತಿರುಗಿ, "ಬಾ ನೋಡವ್ವ, ಸಣ್ಣ ಆಗೋದೆ" ಎಂದು ಕೂಗಿ ಹೇಳಿದರು. ಅಂದು ರಾತ್ರಿ ಆಯಮ್ಮ ಮುದ್ದೆ ತಟ್ಟಿದರು.

ನನ್ನ ಪಾಲಿಗೆ ಅವರು ಬಂದದ್ದು ಹರಕೆಯ ಕಾಲದಲ್ಲಿ. ನಮ್ಮ ಯಜಮಾನರು ಕಾಲು ಮುರಿದುಕೊಂಡು ಮಲಗಿದ್ದಾಗ, ಎದ್ದು ನಡೆದಾಡಿದರೆ ಮದ್ದೂರಿನ ಹತ್ತಿರದ ವೈದ್ಯನಾಥಪುರದ ಸ್ವಾಮಿಗೆ ನನ್ನ ಕೈಯಾರೆ ಕಸೂತಿ ಹಾಕಿದ ಪರದೆ ಕೊಡುತ್ತೇನೆ ಎಂದು ಹೇಳಿಕೊಂಡಿದ್ದೆ. ಸ್ವಾಮಿ ನಡೆಸಿದ. ಕಾರ್ತಿಕದ ಕೊನೆಯ ಸೋಮವಾರ ಒಪ್ಪಿಸುವುದೆಂದು ಅರ್ಚಕರಿಗೂ ಹೇಳಿಯಾಗಿತ್ತು.

ಪರದೆ ಎರಡು ಭಾಗ. ಎಡಕ್ಕೆ ಅರ್ಧ ಕಮಲ, ಬಲಕ್ಕೆ ಅರ್ಧ. ಎಳೆದು ಕೂಡಿಸಿದರೆ ನಡುವೆ ತಿಂಡಿ ತಟ್ಟೆಯಷ್ಟು ಒಂದು ಕಮಲ. ನನಗೆ ಚಿತ್ರ ಬರೆಯಲು ಬಾರದು. ತಮ್ಮ ಕೊಟ್ಟ ಹಳೇ ಲ್ಯಾಪ್‌ಟಾಪಿನಲ್ಲಿ ಕಮಲದ ಚಿತ್ರ ತೆಗೆದು, ಸ್ಕ್ರೀನಿನ ಮೇಲೇ ಬಟರ್ ಪೇಪರ್ ಇಟ್ಟು ಪೆನ್ಸಿಲಿನಲ್ಲಿ ತಿದ್ದಿಕೊಳ್ಳುತ್ತಿದ್ದೆ. ಬ್ಲೌಸಿಗೆ ಡಿಸೈನ್ ತೆಗೆಯುವುದೂ ಹಾಗೆಯೇ. ಎಡಗಡೆಯದು ಮುಗಿದ ಮೇಲೆ ಲ್ಯಾಪ್‌ಟಾಪ್ ಕೆಟ್ಟಿತು. ಯಜಮಾನರು ಪೇಟೆಯ ಅಂಗಡಿಯೊಂದರಲ್ಲಿ ಹೊಸದಾಗಿ ವಿಂಡೋಸ್ ಹಾಕಿಸಿಕೊಂಡು ಬಂದರು. ಮೊದಲಿನ ಎತ್ತರಕ್ಕೇ ಅಳೆದು ಬಲಗಡೆಯ ಅರ್ಧವನ್ನೂ ತಿದ್ದಿ, ಕಸೂತಿ ಬಹುಪಾಲು ಮುಗಿಸಿದೆ. ಎರಡನ್ನೂ ಮಂಚದ ಮೇಲೆ ಹಾಸಿ ಜೋಡಿಸಿ ನೋಡಿದೆ. ಎಡದ ಅರ್ಧ ದುಂಡಗೆ, ಬಲದ ಅರ್ಧ ಗಲ್ಲ ಊದಿದ ಹಾಗೆ. ಎತ್ತರ ಅಳೆದಿದ್ದೆ, ಅಗಲ ನೋಡಿರಲಿಲ್ಲ. ಸೋಮವಾರಕ್ಕೆ ಒಂದು ವಾರವೂ ಇರಲಿಲ್ಲ.

ಚಿಕ್ಕತಾಯಕ್ಕ ಬಂದರು. ಬಳೆ ಕೊಟ್ಟೆ. ವೃತ್ತ ಮೊಟ್ಟೆಯಾಗಿತ್ತು.

"ಸ್ಕ್ರೀನ್ ಅಗಲದ್ದು, ಅಂಗಡಿಯೋರು ಚಿತ್ರ ತೋರ್ಸೋ ಸಾಫ್ಟ್‌ವೇರು, ಡ್ರೈವರ್ ಅಂತಾರೆ, ಅದ್ನ ಆಕಿಲ್ಲ. ಅದಕ್ಕೇ ಚೌಕದ ಚಿತ್ರನ ಎಳ್ದು ಎಳ್ದು ಅಗಲಕ್ಕೆ ತುಂಬ್ಸ್ತಾ ಅದೆ" ಅಂದರು.

"ಹೊಲಿಗೆ ಬಿಚ್ಚದೆ ಏನಾದ್ರೂ ಆಗುತ್ತಾ ಅಕ್ಕ? ಸ್ವಾಮಿ ಭಕ್ತಿ ನೋಡ್ತಾನೆ, ಹೂವಿನ ಅಗಲ ನೋಡ್ತಾನಾ?"

"ಸ್ವಾಮಿ ನೋಡ್ದೆ ಇರಬೋದು. ಅಲ್ಲಿ ನಿಂತಿರೋ ಎಂಗಸ್ರು ನೋಡ್ತಾರೆ. ಬಿಚ್ಚು."

ನಾನು ಕತ್ತರಿ ಹಿಡಿದು ಬಿಚ್ಚಲು ಕೂತೆ. ಅವರು ಲ್ಯಾಪ್‌ಟಾಪ್ ಹಿಡಿದು ಕೂತರು. ಡ್ರೈವರ್ ನೀನೇ ಹುಡುಕಿಕೋ ಎಂದು ಕಂಪ್ಯೂಟರಿಗೆ ಹೇಳಿದರೆ, ನನ್ನಲ್ಲಿರುವುದೇ ಎಲ್ಲಕ್ಕಿಂತ ಒಳ್ಳೆಯದು ಅಂದಿತಂತೆ. "ಗಂಡಸ್ರ ಮಾತು" ಎಂದು ಅಣಕಿಸಿದರು. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಯಜಮಾನರು ಕೇಳಿಸದವರಂತೆ ಪುಟ ತಿರುವಿದರು. ಲ್ಯಾಪ್‌ಟಾಪ್ ಮಗುಚಿ, ಹೊಟ್ಟೆಯ ಮೇಲಿನ ಚೀಟಿಯಲ್ಲಿ ಮಾಡೆಲ್ ಓದಿಕೊಂಡು, ಅದನ್ನು ಮಾಡಿದ ಕಂಪನಿಯ ಸೈಟಿನಿಂದ ಡ್ರೈವರ್ ಇಳಿಸಿದರು. ಸಿಕ್ಕಿದ್ದು ಹಿಂದಿನ ವಿಂಡೋಸಿನದು. ಹೊಸದು ಒಪ್ಪಲಿಲ್ಲ. "ತಡಿ, ಇದು ಅಳೇ ವಿಂಡೋಸೇ ಅಂತ ನಂಬಿಸ್ಬೇಕು" ಎಂದು ಏನೋ ಗುರುತು ಒತ್ತಿ ಮತ್ತೆ ಹಾಕಿದರು. ಈ ಸಲ ಕೂತಿತು. ಆಫ್ ಮಾಡಿ ಆನ್ ಮಾಡಿದ ಮೇಲೆ ಪಟ್ಟಿಯಲ್ಲಿ ಅಳತೆಗಳು ಸಾಲಾಗಿ ಬಂದವು.

ಅಲ್ಲಿ ಅವರಿಗೆ ಆಸೆಯಾಯಿತು. "ಎಲ್ಲಕ್ಕಿಂತ ದೊಡ್ಡದೇ ಇರ್ಲಿ" ಎಂದು ಮೇಲಿನದನ್ನು ಒತ್ತಿದರು. ಸ್ಕ್ರೀನ್ ಪೂರಾ ಕಪ್ಪಾಯಿತು. ನನ್ನ ಕೈ ನೇರ ಪವರ್ ಬಟನ್ನಿಗೆ ಹೋಯಿತು. ಪಟ್ಟೆಂದು ಹೊಡೆದರು.

"ತಗಿ ಕೈಯ. ಯಾರೂ ಮುಟ್ದೆ ಇದ್ರೆ ತಾನೇ ಅಳೇದಕ್ಕೆ ಬತ್ತದೆ. ಮುಟ್ದೆ ಇರಾದೂ ಒಂದ್ ಕೆಲ್ಸ ಕಣಮ್ಮ."

ನಾನು ವೈದ್ಯನಾಥನ ಹೆಸರು ಹೇಳಿಕೊಂಡೆ. ಅವರು ಕೈಕಟ್ಟಿಕೊಂಡು ಗೋಡೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೆಳಕು ಬಂತು.

"ನೋಡ್ದಾ" ಅಂದರು, ತಮ್ಮದೇನೂ ತಪ್ಪಿಲ್ಲವೆಂಬಂತೆ. ಆಮೇಲೆ ಆ ಸ್ಕ್ರೀನಿಗೆ ತಕ್ಕ ಅಳತೆಯನ್ನೇ ಆರಿಸಿದರು. ಬಳೆಗೆ ವೃತ್ತ ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಕೂತಿತು.

ನಾನು ಬಲಗಡೆಯ ಕಮಲವನ್ನು ಹೊಸದಾಗಿ ತಿದ್ದಿದೆ. ಅವರು ಮನೆಗೆ ಹೋಗಲಿಲ್ಲ. ಉಳಿದಿದ್ದ ಹಳೆಯ ಹೊಲಿಗೆಯನ್ನು ಕನ್ನಡಕ ಏರಿಸಿಕೊಂಡು ತಾವೇ ಬಿಚ್ಚಿದರು. ಮರುದಿನವೂ ಬಂದು ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟರು. "ನಂಗೆ ಒಲಿಯಕ್ಕೆ ಬರಲ್ಲ, ಬಯ್ಯಕ್ಕೆ ಬತ್ತದೆ. ನೀನ್ ಒಲಿ" ಅನ್ನುತ್ತಿದ್ದರು. ಭಾನುವಾರ ಬೆಳಗ್ಗೆ ಕೊನೆಯ ಗಂಟು ಹಾಕಿದೆ.

ಸೋಮವಾರ ಅವರೂ ನಮ್ಮೊಡನೆ ವೈದ್ಯನಾಥಪುರಕ್ಕೆ ಬಂದರು. ಅರ್ಚಕರು ಹೊಸ ಪರದೆ ಕಟ್ಟಿ, ಅಲಂಕಾರ ಮುಗಿಸಿ, ಗಂಟೆ ಬಾರಿಸುತ್ತ ಸರಿಸಿದರು. ಎಲ್ಲರೂ ಸ್ವಾಮಿಗೆ ಕೈಮುಗಿದರು. ಚಿಕ್ಕತಾಯಕ್ಕ ಮಾತ್ರ ಮುಂದಕ್ಕೆ ಬಗ್ಗಿ, "ಅಯ್ನೋರೆ, ಒಂದ್ ಗಳಿಗೆ ಮುಚ್ಚಿ. ಊವ ಸರ್ಯಾಗಿ ನೋಡ್ಲಿಲ್ಲ" ಅಂದರು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಅರ್ಚಕರು ನಕ್ಕು ಮತ್ತೆ ಎಳೆದರು. ಚಿಕ್ಕತಾಯಕ್ಕ ಕತ್ತು ಓರೆ ಮಾಡಿ ನೋಡಿ, "ಆಯ್ತು, ತಗೀರಿ" ಅಂದರು.

ಹೋದ ವರ್ಷ ಚಿಕ್ಕತಾಯಕ್ಕ ತಮ್ಮ ಮಗಳ ಬಾಣಂತನಕ್ಕೆಂದು ಮಳವಳ್ಳಿಗೆ ಹೋದರು. ಮೊಮ್ಮಗಳನ್ನು ಬಿಟ್ಟು ಬರಲಾರದೆ ಅಲ್ಲೇ ಉಳಿದರು. ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಎದೆ ಹಿಡಿಯಿತಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿದ್ದರು. ಹೆಚ್ಚು ನರಳಲಿಲ್ಲವೆಂದು ಮಗಳು ಹೇಳಿದಳು. ಅದೊಂದು ಕೃಪೆ ಅಂದುಕೊಂಡೆ. ಆ ಸಂಜೆ ಎಣಿಕೆ ಅಲ್ಲಿಗೇ ನಿಂತಿತು.

ವೈದ್ಯನಾಥಪುರಕ್ಕೆ ಈಗಲೂ ಹೋಗುತ್ತೇನೆ. ನೈವೇದ್ಯದ ಹೊತ್ತಿಗೆ ಪರದೆ ಎಳೆಯುತ್ತಾರೆ. ಎರಡು ಅಂಚು ಕೂಡಿ ಕಮಲ ದುಂಡಗೆ ನಿಲ್ಲುತ್ತದೆ. ಸುತ್ತಲಿನವರು ಕಣ್ಣು ಮುಚ್ಚಿ, ಪರದೆ ಯಾವಾಗ ಸರಿಯುತ್ತದೋ ಎಂದು ಕಾಯುತ್ತಾರೆ. ನಾನು ಹೂವು ನೋಡುತ್ತ ಕಣ್ಣು ಬಿಟ್ಟುಕೊಂಡೇ ನಿಲ್ಲುತ್ತೇನೆ. ಸ್ವಾಮಿಯನ್ನು ನೋಡಲು ನನಗೆ ಅವಸರವಿಲ್ಲ. ಅವನು ಅಲ್ಲೇ ಇರುತ್ತಾನೆ.