ಅನ್ನಮ್ಮ ಇಟ್ಟ ಪರೀಕ್ಷೆ

ಅನ್ನಮ್ಮ ಹುಟ್ಟಿದ್ದು ದೇವದುರ್ಗದಲ್ಲಿ. ಅಪ್ಪ ಮಲ್ಲಯ್ಯ ಸೇಂಗಾ ವ್ಯಾಪಾರಿ, ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕದ ಮನುಷ್ಯ. ಮಗಳನ್ನು ಏಳನೇ ತರಗತಿಗೆ ಶಾಲೆ ಬಿಡಿಸಿ, ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಮಾನ್ವಿಯ ಅಕ್ಕಿ ಗಿರಣಿಯ ಗಡಿಗೆಪ್ಪನಿಗೆ ಕೊಟ್ಟ. ಹುಡುಗ ಬಿ.ಎಸ್ಸಿ. ಓದಿದ್ದಾನೆ, ತಂದೆ ಇಲ್ಲದಿದ್ದರೂ ಗಿರಣಿ ಚೆನ್ನಾಗಿ ನಡೆದಿದೆ, ಕುಡಿತ ಬೀಡಿ ಒಂದೂ ಇಲ್ಲ ಎಂದು ನೆಂಟರು ಹೇಳಿದ್ದರು. ಅದೆಲ್ಲ ನಿಜವೇ ಆಗಿತ್ತು. ಗಡಿಗೆಪ್ಪ ಮುಂಬಯಿಯಲ್ಲಿ ಎರಡು ವರ್ಷ ಇದ್ದು ಬಿಯರ್ ಮಾಡುವ ವಿದ್ಯೆ ಕಲಿತು ಬಂದಿದ್ದ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಅದು ಅವಳಿಗೆ ಗೊತ್ತಾದದ್ದು ಮದುವೆಯಾದ ಮರುವರ್ಷ. ಗಂಡ ಮಾಳಿಗೆಯ ಮೇಲೆ ಒದ್ದೆ ಗೋಣಿಚೀಲದಲ್ಲಿ ಜೋಳ ಮೊಳಕೆ ಬರಿಸಿ, ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಬೊಗಸೆಯಲ್ಲಿ ತುಂಬಿಕೊಂಡು ಮೂಸುತ್ತ ಕೂತಿರುತ್ತಿದ್ದ. ಮೊಳಕೆ ಕಾಳಿನ ಪಲ್ಯವನ್ನೂ ಮಾಡಿಸುವುದಿಲ್ಲ, ದನಕ್ಕೂ ಹಾಕುವುದಿಲ್ಲ, ಇದೇನು ಎಂದು ಅವಳು ಕೇಳಿದಳು. ಅವನು ಎಲ್ಲ ಹೇಳಿದ.

ಮಾನ್ವಿಯ ನುಚ್ಚು ಆಗ ಹೈದರಾಬಾದಿನ ಒಂದು ಬಿಯರ್ ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿ ಬಾರ್ಲಿಯ ಜೊತೆ ಅಕ್ಕಿ ನುಚ್ಚನ್ನೂ ಬೇಯಿಸುತ್ತಿದ್ದರು. ರಾಯಚೂರಿನಲ್ಲಿ ಕಾಲೇಜು ಮುಗಿಸಿದ ಬೇಸಿಗೆಯಲ್ಲಿ ಗಡಿಗೆಪ್ಪ ನುಚ್ಚಿನ ಲಾರಿಯ ಜೊತೆ ಹೋಗಿ, ಚೀಲ ಇಳಿಸುವ ತನಕ ಸುಮ್ಮನೆ ಒಳಗೆ ಇಣುಕಿದ. ತಾಮ್ರದ ದೊಡ್ಡ ಹಂಡೆಯಲ್ಲಿ ಮೊಳಕೆ ಬಾರ್ಲಿಯ ಗಂಜಿ ಕುದಿಯುತ್ತಿತ್ತು. ಸುಟ್ಟ ರೊಟ್ಟಿ, ಬೆಲ್ಲ, ಹೊಸ ಹುಲ್ಲು ಮೂರೂ ಸೇರಿದಂಥ ಆ ವಾಸನೆ ಅವನನ್ನು ಮತ್ತೆ ಬಿಡಲಿಲ್ಲ. ಇದನ್ನು ಕಲಿಯುತ್ತೇನೆ, ಮುಂದೆ ಮಾನ್ವಿಯಲ್ಲೇ ಒಂದು ಕಾರ್ಖಾನೆ ಹಾಕುತ್ತೇನೆ ಎಂದು ಮನೆಯಲ್ಲಿ ಹಟ ಹಿಡಿದ. ಅಪ್ಪ ಬೈದ. ತಾಯಿ ವೀರಭದ್ರಮ್ಮ ಮಾತ್ರ ಒಂದು ಕಟ್ಟು ಹಾಕಿ ಒಪ್ಪಿದಳು.

"ಕಲಿಯೋದಕ್ಕ ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಿನ್ನ ಕೊರಳಾಗ ಲಿಂಗ ಅದ. ಆ ಕೊರಳಾಗ ಒಂದು ಹನಿನೂ ಇಳೀಬಾರ್ದು."

ಅವನು ಮಾತು ಕೊಟ್ಟ. ಮುಂಬಯಿಗೆ ಹೋಗಿ ಸೇರಿದ ಡಿಪ್ಲೊಮಾದಲ್ಲಿ ಮೊಳಕೆ ಬರಿಸುವುದು, ಬೇಯಿಸುವುದು, ಹುದುಗು ಬೆಳೆಸುವುದು, ನೀರಿನ ಗುಣ ನೋಡುವುದು ಎಲ್ಲದರಲ್ಲೂ ಪಾಸಾದ. ಕೊನೆಯ ಪರೀಕ್ಷೆ ರುಚಿಯದು. ಸಾಲಾಗಿ ಗ್ಲಾಸು ಇಟ್ಟು ಯಾವುದರಲ್ಲಿ ಏನು ಕೆಟ್ಟಿದೆ ಎಂದು ಕೇಳುತ್ತಿದ್ದರು. ಗಡಿಗೆಪ್ಪ ಮೂಸಿ ಕೆಲವನ್ನು ಹೇಳಿದ, ಉಳಿದವಕ್ಕೆ ಕೈ ಕಟ್ಟಿ ನಿಂತ. ಮೇಷ್ಟ್ರು ಒಬ್ಬ ಪಾರ್ಸಿ ಮುದುಕರು. ಕಹಿ ಗೊತ್ತಾಗುವುದು ಗಂಟಲಿನಲ್ಲಿ, ನುಂಗದವನ ಕೈಗೆ ನಾನು ಸರ್ಟಿಫಿಕೇಟು ಕೊಡಲಾರೆ ಎಂದರಂತೆ. ಅದೇ ತಿಂಗಳು ಅಪ್ಪ ತೀರಿಕೊಂಡ ಸುದ್ದಿ ಬಂತು. ಅವನು ಬಂದು ಗಿರಣಿಯ ಗಾದಿಯ ಮೇಲೆ ಕೂತ.

ಇದನ್ನು ಕೇಳಿ ಅನ್ನಮ್ಮನಿಗೆ ಸಿಟ್ಟು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಮುಂಬಯಿಯಲ್ಲಿ ಯಾರನ್ನೋ ಬಿಟ್ಟು ಬಂದವನ ಜೊತೆ ಬಾಳುವೆ ಮಾಡುತ್ತಿದ್ದೇನೆ ಎನ್ನಿಸಿತು. ಅವನು ಒಳ್ಳೆಯವನು, ಒಂದು ದಿನ ಕೈ ಎತ್ತಿದವನಲ್ಲ, ಮುಂದೆ ಮಕ್ಕಳಾಗಲಿಲ್ಲವೆಂದೂ ಒಂದು ಮಾತು ಆಡಿದವನಲ್ಲ. ಆದರೆ ಉಣ್ಣುವಾಗ, ಲೆಕ್ಕ ನೋಡುವಾಗ, ಜಾಲಿ ಗಿಡದ ಕೆಳಗೆ ಹೊರಸು ಹಾಕಿ ಮಲಗಿದಾಗ, ಅವನ ಅರ್ಧ ಜೀವ ಇನ್ನೆಲ್ಲೋ ಇರುತ್ತಿತ್ತು. ಅವಳಿಗೆ ಆ ಅರ್ಧದ ಮೇಲೇ ಆಸೆ.

ಎಂಬತ್ತೊಂದರಲ್ಲಿ ವೀರಭದ್ರಮ್ಮ ಹಾಸಿಗೆ ಹಿಡಿದಳು. ಒಂದು ಮುಂಜಾನೆ ಮಗ ಸೊಸೆ ಇಬ್ಬರನ್ನೂ ಹತ್ತಿರ ಕೂಡಿಸಿಕೊಂಡಳು.

"ನಾ ತಗೊಂಡ ಮಾತು ನಾನ ವಾಪಸ್ ಕೊಡಾಕತ್ತೀನಿ. ಹೋಗಿ ಆ ಪರೀಕ್ಷಾ ಮುಗಿಸಿಕೊಂಡು ಬಾ. ನೀ ಮನ್ಯಾಗ ಇದ್ದೂ ಇಲ್ಲದಂಗ ಇರೋದು ನೋಡಿ ನೋಡಿ ನನಗ ಸಾಕಾಗ್ಯದ."

ತಾಯಿ ತೀರಿಕೊಂಡ ಮೇಲೆ ದಿನಕರ್ಮ ಮುಗಿಸಿ ಗಡಿಗೆಪ್ಪ ಮುಂಬಯಿ ಗಾಡಿ ಹತ್ತಿದ. ವಾರದಲ್ಲಿ ಸೋತು ಬಂದ. ಜೊತೆಗೆ ಕೂತವರೆಲ್ಲ ನಾಲಿಗೆ ಪಳಗಿದವರು, ಇವನಿಗೆ ಎಲ್ಲ ಗ್ಲಾಸೂ ಬರೀ ಕಹಿ. ಮೇಷ್ಟ್ರು ಇನ್ನೂ ಇದ್ದರು. ನಿನಗೆ ಮೋಸ ಮಾಡಿ ಕುಡಿಸುವವರು ಒಬ್ಬರು ಬೇಕು, ಒಂದು ವರ್ಷ ಅಭ್ಯಾಸ ಮಾಡಿ ಬಾ ಎಂದು ಕಳಿಸಿದ್ದರು.

ಆ ಕೆಲಸ ಅನ್ನಮ್ಮ ಹಿಡಿದಳು. ಗಿರಣಿಯ ಗುಮಾಸ್ತ ವೆಂಕೋಬ ರಾಯಚೂರಿನಿಂದ ತೌಡಿನ ಚೀಲದಲ್ಲಿ ಬಾಟಲಿ ತಂದುಕೊಡುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಗಂಡನನ್ನು ಪಡಸಾಲೆಯಲ್ಲಿ ಕೂಡಿಸಿ, ಒಳಗೆ ಅವಳು ಗ್ಲಾಸು ತುಂಬುತ್ತಿದ್ದಳು. ಒಂದಕ್ಕೆ ಕಬ್ಬಿಣದ ಮೊಳೆ ನೆನೆಸಿದ ನೀರು, ಒಂದಕ್ಕೆ ನಾಲ್ಕು ಹನಿ ಲಿಂಬೆ ಹುಳಿ. ಇನ್ನೊಂದು ಬಾಟಲಿಯನ್ನು ಮಧ್ಯಾಹ್ನವೇ ಮಾಳಿಗೆಯ ಬಿಸಿಲಿಗೆ ಇಟ್ಟಿರುತ್ತಿದ್ದಳು. ಬಿಸಿಲು ತಿಂದ ಬಿಯರು ನಾರುತ್ತದೆ, ಮಾನ್ವಿಯ ಬಿಸಿಲಿಗೆ ಅದು ಬೇಗ ಕೆಡುತ್ತಿತ್ತು. ಗಡಿಗೆಪ್ಪ ಒಂದೊಂದೇ ಗುಟುಕು ನುಂಗಿ ಕಣ್ಣು ಮುಚ್ಚಿ ಹೇಳುತ್ತಿದ್ದ. ತಪ್ಪಿದರೆ ಅವಳು ತುಟಿ ಬಿಗಿದು ತಲೆಯಾಡಿಸುವಳು. ಸರಿಯಾದರೆ ಇಬ್ಬರೂ ನಗುವರು. ಉಳಿದದ್ದು ಬಚ್ಚಲಿಗೆ. ಅವಳು ತಾನು ಬರೀ ಮೂಸುವಳು. ಯಾವುದನ್ನು ಹೇಗೆ ಅಡಗಿಸಲಿ ಎಂದು ಗಿರಣಿಯ ಸದ್ದಿನ ನಡುವೆ ದಿನವಿಡೀ ಯೋಚಿಸುವಳು. ಆ ಒಂದು ತಾಸು ಗಂಡ ಪೂರ್ತಿ ಅವಳ ಎದುರಿಗೇ ಇರುತ್ತಿದ್ದ.

ಬಾಟಲಿಯ ಸುದ್ದಿ ಎಷ್ಟು ದಿನ ಚೀಲದಲ್ಲಿ ಇದ್ದೀತು? ದೇವದುರ್ಗಕ್ಕೂ ಮುಟ್ಟಿತು. ಒಂದು ಸಂಜೆ ಮಲ್ಲಯ್ಯ ಬಸ್ಸಿಳಿದು ನೇರ ಮನೆಗೆ ಬಂದ. ಅಳಿಯನ ಮುಂದಿದ್ದ ಗ್ಲಾಸು ನೋಡಿ ಅವನ ಕಡೆ ತಿರುಗಲೂ ಇಲ್ಲ.

"ನಡಿಯವ್ವಾ, ಊರಿಗೆ ಹೋಗೋಣ. ಕುಡುಕರ ಮನ್ಯಾಗ ನನ್ನ ಮಗಳು ಇರಂಗಿಲ್ಲ."

"ಯಪ್ಪಾ, ಕುಡಿಸಾಕತ್ತಾಕಿ ನಾನು," ಎಂದಳು ಅನ್ನಮ್ಮ. "ಒಂದು ಗಳಿಗಿ ಕುಂತು ನೋಡು. ಆಮ್ಯಾಲ ನೀ ಹೆಂಗಂತಿ ಹಂಗ."

ಮುದುಕ ಬಾಗಿಲ ಬಳಿ ಕೂತು ನೋಡಿದ. ಒಂದು ಗುಟುಕು, ಒಂದು ಮಾತು, ಮಗಳು ಗ್ಲಾಸನ್ನು ಬಚ್ಚಲಿಗೆ ಸುರಿಯುವುದು. ಇದು ಕುಡಿತವೂ ಅಲ್ಲ, ಸರಿಯೂ ಅಲ್ಲ ಎನ್ನಿಸಿರಬೇಕು. ಮಗಳನ್ನು ಕರೆಯದೆ ಒಬ್ಬನೇ ಎದ್ದು ಹೋದ. ಆಮೇಲೆ ಮಗಳ ಮನೆಗೆ ಬಂದರೂ ಬಹಳ ದಿನ ಅಲ್ಲಿ ನೀರು ಮುಟ್ಟಲಿಲ್ಲ.

ಎಂಬತ್ಮೂರರಲ್ಲಿ ಗಡಿಗೆಪ್ಪ ಪಾಸಾದ. ಮಾನ್ವಿಯಲ್ಲಿ ಕಾರ್ಖಾನೆ ಹಾಕುವ ಮಾತು ವಿಚಾರಿಸಲು ಬೆಂಗಳೂರಿಗೂ ಹೋಗಿ ಬಂದ. ಲೈಸೆನ್ಸಿಗೆ ಬೇಕಾಗುವ ಬಂಡವಾಳದ ಮುಂದೆ ಅವರ ಗಿರಣಿ ಒಂದು ಮೂಲೆಗೂ ಸಾಲದು. ಅಷ್ಟರಲ್ಲಿ ಮೇಷ್ಟ್ರು ಮುಂಬಯಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಗೊತ್ತು ಮಾಡಿದರು. ಹೋಗಲೋ ಬೇಡವೋ ಎಂದು ಅವನು ಹೆಂಡತಿಯ ಮುಖ ನೋಡಿದ.

"ಹೋಗ್ರಿ. ಗಿರಣಿ ನಾ ನೋಡ್ಕೋತೀನಿ," ಎಂದಳು.

ಎರಡು ವರ್ಷ ಎಂದು ಹೋದವನು ದೀಪಾವಳಿಗೆ, ಯುಗಾದಿಗೆ ಬಂದು ಹೋಗುವವನಾದ. ಅನ್ನಮ್ಮ ಭತ್ತದ ರೈತರ ಜೊತೆ ದರ ಮಾತಾಡುವುದು, ಗಿರಣಿಯ ಮಷಿನ್ ಕೆಟ್ಟರೆ ಮೆಕ್ಯಾನಿಕ್ ಮೌಲಾಹುಸೇನನನ್ನು ಕರೆಸುವುದು ಎಲ್ಲ ಕಲಿತಳು. ಹಗಲು ಕಷ್ಟವಿರಲಿಲ್ಲ. ದೀಪ ಹಚ್ಚುವ ಹೊತ್ತು ಮಾತ್ರ ಕೈಗೆ ಕೆಲಸವಿಲ್ಲದಂತಾಗುತ್ತಿತ್ತು. ಪರೀಕ್ಷೆ ಪಾಸಾಗದೆ ಇದ್ದಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುವುದು, ಅನ್ನಿಸಿದ್ದಕ್ಕೆ ನಾಚಿಕೆಯಾಗುವುದು.

ಎಂಬತ್ತೇಳರ ಬೇಸಿಗೆಯಲ್ಲಿ ಅವಳು ತಡೆಯಲಾರದೆ ಅವನನ್ನು ಕರೆತರಲೆಂದೇ ಹೊರಟಳು. ಇನ್ನು ಸಾಕು ಮನೆಗೆ ಬರ್ರಿ ಎನ್ನುವ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೊಂದಿಸಿಕೊಂಡಿದ್ದಳು. ಕಾರ್ಖಾನೆಯಲ್ಲಿ ಅವನು ಬಿಳಿ ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. ಹಂಡೆಯ ಮುಚ್ಚಳ ತೆಗೆದಾಗ ಹಬೆ ಮುಖಕ್ಕೆ ಹೊಡೆಯಿತು. ಕೆಲಸ ಕಲಿಯಲು ಬಂದು ಕೆಳಗೆ ನಿಂತಿದ್ದ ಹೊಸ ಹುಡುಗರು ಏನೋ ಕೇಳಿದರು. ಅವನು ಹಿಂದಿಯಲ್ಲಿ ಉತ್ತರ ಕೊಟ್ಟು ಗಟ್ಟಿಯಾಗಿ ನಕ್ಕ. ಅಂಥ ನಗು ಮಾನ್ವಿಯಲ್ಲಿ ಅವನ ಬಾಯಿಂದ ಅವಳು ಕೇಳಿದ್ದೇ ಇಲ್ಲ.

ಸಂಜೆ ಕೋಣೆಯಲ್ಲಿ ಅವನೇ ಕೇಳಿದ: "ಏನರ ಹೇಳಾಕ ಬಂದೀಯೇನು?"

"ಏನಿಲ್ರಿ. ನೋಡಿ ಹೋಗೋಣಂತ ಬಂದೆ."

ಅವನು ಇಲ್ಲೇ ಇರು ಎಂದ. ಗಿರಣಿ ಯಾರು ನೋಡಬೇಕು ಎಂದಳು. ಮೂರು ದಿನ ಇದ್ದು, ಅವನ ಅಂಗಿಗಳ ಗುಂಡಿ ಹಚ್ಚಿಕೊಟ್ಟು, ಗಾಡಿ ಹತ್ತಿದಳು.

ರಾಯಚೂರು ಸ್ಟೇಷನ್ನಿಗೆ ವೆಂಕೋಬ ಬಂದಿದ್ದ. ಅವಳ ಹಿಂದೆ ಯಾರಾದರೂ ಇಳಿಯುತ್ತಾರೇನೋ ಎಂದು ಡಬ್ಬಿಯ ಕಡೆ ನೋಡಿದ. ಸಾಹುಕಾರರು ಅಲ್ಲಿ ಹುಡುಗರಿಗೆ ಕಲಿಸುತ್ತಿದ್ದಾರೆ, ಸದ್ಯಕ್ಕೆ ಬರುವುದಿಲ್ಲ ಎಂದು ಅನ್ನಮ್ಮ ಹೇಳಿದಳು. ಮಾನ್ವಿ ಬಸ್ಸಿನಲ್ಲಿ ಕಿಟಕಿಯ ಬಳಿ ಕೂತಳು. ಕಲ್ಲೂರು ದಾಟುವ ತನಕ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದವಳು, ಆಮೇಲೆ ವೆಂಕೋಬನ ಕಡೆ ತಿರುಗಿ, ತಾನು ಇಲ್ಲದಾಗ ಭತ್ತ ಎಷ್ಟು ಬಂತು ಎಂದು ಕೇಳಿದಳು.