ಹತ್ತು ಮನೆಯ ಮೈಮುನಬಿ

ನಮ್ಮ ಜಿಲ್ಲೆಯ ಡಿಗ್ರಿ ಮಕ್ಕಳು ಸಮಾಜವನ್ನು ಮೊದಲ ಸಲ ನೋಡುವುದು ಮೈಮುನಬಿ ಅಮ್ಮನ ಕಟ್ಟೆಯ ಮೇಲೆ. ಇದಕ್ಕೆ ಶಾಸ್ತ್ರೀಯ ಕಾರಣವೇನೂ ಇಲ್ಲ. ಯಲಬುರ್ಗಾದಿಂದ ಕುಷ್ಟಗಿ ಕಡೆ ಹೋಗುವಾಗ ಸಿಗುವ ಒಂದು ಕ್ರಾಸಿನಲ್ಲಿ ಬಸ್ಸಿಳಿದರೆ ಎದುರಿಗಿರುವ ಮೊದಲ ಮನೆ ಅವರದು. ಬೇವಿನ ನೆರಳಿದೆ, ಕುಡಿಯಲು ನೀರಿದೆ, ಮರಳುವ ಬಸ್ಸು ಕಟ್ಟೆಯಿಂದಲೇ ಕಾಣುತ್ತದೆ.

ತಪ್ಪು ನನ್ನದೇ. ನಾನು ಬಸವಕುಮಾರ, ಯಲಬುರ್ಗಾದ ಒಂದು ಚಿಕ್ಕ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿಯಾಗಿ ಹನ್ನೊಂದು ವರ್ಷವಾಯಿತು. ಹೋಗು ಅಂತಲೂ ಯಾರೂ ಅಂದಿಲ್ಲ, ಕೂಡು ಅಂತಲೂ ಅಂದಿಲ್ಲ. ಆರು ವರ್ಷದ ಹಿಂದೆ, ವಿಜ್ಞಾನದವರು ಒಂದಿಷ್ಟು ಸಮಾಜಶಾಸ್ತ್ರ, ಕಲಾ ವಿಭಾಗದವರು ಒಂದಿಷ್ಟು ಆರೋಗ್ಯ ವಿಜ್ಞಾನ ಓದಬೇಕೆಂಬ ನಿಯಮ ಬಂತು. ನನ್ನ ‘ಸಮಾಜಶಾಸ್ತ್ರ ಪರಿಚಯ’ದ ತರಗತಿಗೆ ಎಂಬತ್ತು ಮಕ್ಕಳು ಬಂದು ಕೂತರು. ತಲಾ ಹತ್ತು ಮನೆ ಸಮೀಕ್ಷೆ ಮಾಡಿ ಎಂದೆ. ಮೈಮುನಬಿ ಅಮ್ಮನ ಮನೆ ತೋರಿಸಿ, ಇಲ್ಲಿಂದ ಸುರು ಮಾಡಿ ಎಂದೆ. ಅವರು ಅಲ್ಲೇ ಸುರು ಮಾಡಿ ಅಲ್ಲೇ ಮುಗಿಸಿದರು.

ಮೈಮುನಬಿ ಅಮ್ಮ ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯುತ್ತಾರೆ. ಹಾಗಾಗಿ ಯಾವಾಗ ಹೋದರೂ ಕಟ್ಟೆಯ ಮೇಲೆಯೇ ಸಿಗುತ್ತಾರೆ. ನಮ್ಮ ಫಾರ್ಮುಗಳ ಪ್ರಕಾರ ವಯಸ್ಸು ಅರವತ್ತೊಂದು. ಗಂಡ ಶಬ್ಬೀರಸಾಬರದು ಮನೆಗೆ ಅಂಟಿಕೊಂಡೇ ಪಂಕ್ಚರ್ ಅಂಗಡಿ. ಸಮೀಕ್ಷೆಯ ಆ ಮೊದಲ ದಿನ ಮಕ್ಕಳ ಬಾಡಿದ ಮುಖ ನೋಡಿ ಅಮ್ಮನ ಕರುಳು ಚುರ್ ಎಂದಿತು.

“ಹತ್ತ ಮನಿ ಎಲ್ಲಿ ತಿರಗ್ತೀರಿ ಈ ಬಿಸಿಲಾಗ? ಕುಂದರ್ರಿ, ಹತ್ತೂ ನಾನ ಹೇಳ್ತೀನಿ.”

ಹೇಳಿದರು. ಒಂದು ತಮ್ಮ ಮನೆ, ಒಂದು ಪಕ್ಕದ ಹಂಪಣ್ಣನ ಮನೆ, ಉಳಿದ ಎಂಟು ಎಲ್ಲೂ ಇಲ್ಲದ ಮನೆಗಳು. ಎರಡನೆಯ ವರ್ಷಕ್ಕೆ ಪ್ರಶ್ನೆಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಸೂಜಿ ನಿಲ್ಲಿಸದೆ ಅವರೇ ಕೇಳುತ್ತಿದ್ದರು: “ಜಂಟಿ ಕುಟುಂಬ ಬೇಕೇನವ್ವಾ, ಬ್ಯಾರೆ ಆಗಿದ್ದು ಬೇಕೋ? ಹೋದ ವರ್ಷ ಎಲ್ಲಾರೂ ಜಂಟಿ ಬರ್ಕೊಂಡ ಹೋಗ್ಯಾರ. ನೀ ಬ್ಯಾರೇದು ಬರ್ಕೊ, ನಿಮ್ಮ ಸರಗ ಬ್ಯಾಸರಾಗಿರ್ತೈತಿ.”

ಸುದ್ದಿ ಹಬ್ಬಿತು. ಗಂಗಾವತಿಯಿಂದ ಆಹಾರ ವಿಜ್ಞಾನದವರು ಬಂದು ಅಮ್ಮ ನಿನ್ನೆ ಉಂಡದ್ದನ್ನು ಬರೆದುಕೊಂಡರು. ಕುಷ್ಟಗಿಯ ಸಸ್ಯಶಾಸ್ತ್ರದವರು ಬೇವಿನ ಮರವನ್ನು ಅರ್ಧ ಬೋಳಿಸಿದರು. ಕೊಪ್ಪಳದ ಮನೋವಿಜ್ಞಾನದವರು ಹಾಳೆಯ ಮೇಲಿನ ಶಾಯಿಕಲೆ ತೋರಿಸಿ ಇದರಲ್ಲೇನು ಕಾಣುತ್ತದೆ ಎಂದರೆ, “ಶಾಯಿ ಚೆಲ್ಲೇತಿ. ಒರಸಾಕ ಅರಿವಿ ಕೊಡ್ಲೇನು?” ಎಂದರು ಅಮ್ಮ. ‘ವಾಸ್ತವ ಪ್ರಜ್ಞೆ ಉತ್ತಮ’ ಎಂದು ಬರೆದುಕೊಂಡು ಅವರು ಬಸ್ಸು ಹತ್ತಿದರು.

ಹೋದ ವರ್ಷ ಒಂದು ವಿಚಾರ ಸಂಕಿರಣದಲ್ಲಿ, ಎಲ್ಲ ಕಾಲೇಜುಗಳ ಸಮೀಕ್ಷೆ ಕೂಡಿಸಿ ಒಬ್ಬರು ಪ್ರಬಂಧ ಓದಿದರು. ಜಿಲ್ಲೆಯ ಶೇಕಡಾ ಎಪ್ಪತ್ತೆರಡು ಕುಟುಂಬಗಳಲ್ಲಿ ಒಂದು ಕೊಂಬು ಮುರಿದ ಆಡು ಇದೆ ಎಂದರು. ಯಾರೂ ನಗಲಿಲ್ಲ. ಅದು ಶಬ್ಬೀರಸಾಬರ ಆಡು; ಎಲ್ಲೂ ಇಲ್ಲದ ಮನೆಗಳಿಗೂ ಅಮ್ಮ ಅದನ್ನೇ ಕಟ್ಟಿದ್ದರು. ಕೊಂಬು ಮುರಿದದ್ದು ನನ್ನ ವಿದ್ಯಾರ್ಥಿಯೊಬ್ಬನ ಬೈಕಿಗೆ. ಎಲ್ಲ ಗೊತ್ತಿದ್ದೂ ನಾನು ಚಪ್ಪಾಳೆ ತಟ್ಟಿದೆ.

ನಗುವ ಮಾತು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆರೋಗ್ಯ ವಿಜ್ಞಾನದ ಮಕ್ಕಳೂ ಅದೇ ಕಟ್ಟೆಗೆ ಬರುತ್ತಿದ್ದರು. ಅಮ್ಮನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಕಿವಿಗೆ ಸ್ಟೆತಸ್ಕೋಪ್ ಇಟ್ಟುಕೊಂಡು, ಏನೂ ಕೇಳಿಸದೆ, ಪುಸ್ತಕದಲ್ಲಿದ್ದಂತೆ ನೂರಾ ಇಪ್ಪತ್ತು–ಎಂಬತ್ತು ಎಂದು ಬರೆಯುತ್ತಿದ್ದರು. ಬಂದವರೆಲ್ಲ ಅದನ್ನೇ ಬರೆದರು. ಅಮ್ಮನಿಗೆ ಅದೊಂದು ಹೆಮ್ಮೆ. ಈ ವರ್ಷ ಅವರಿಗೆ ತಲೆ ತಿರುಗತೊಡಗಿತು, ಸೂಜಿಗೆ ದಾರ ಪೋಣಿಸುವಾಗ ಕಣ್ಣು ಮಂಜಾಗತೊಡಗಿತು. ದವಾಖಾನಿಗೆ ಹೋಗೂಣು ನಡಿ ಎಂದು ಶಬ್ಬೀರಸಾಬರು ಎಷ್ಟು ಕರೆದರೂ ಒಂದೇ ಉತ್ತರ.

“ಕಾಲೇಜ ಮಂದಿ ಅರವತ್ತ ಸಲ ನೋಡ್ಯಾರ. ಎಲ್ಲಾ ಛಲೋ ಐತಿ ಅಂತ ಬರದಾರ. ನಿಮಗ ಅವರಕಿಂತ ಭಾಳ ಗೊತ್ತೈತೇನ್ರಿ?”

ಆಗ ಬಂದವಳು ಶಿವಲೀಲಾ, ನಮ್ಮ ಕಾಲೇಜಿನ ಬಿ.ಎ. ಹುಡುಗಿ. ಅವಳಿಗೆ ನಿಜಕ್ಕೂ ಕೇಳಿಸಿತು. ನೂರಾ ತೊಂಬತ್ತು–ನೂರಾ ಹತ್ತು. ಮೂರು ಸಲ ನೋಡಿದಳು.

“ನೂರಾ ಇಪ್ಪತ್ತ ಬರ್ಕೊ ಯವ್ವಾ,” ಎಂದರು ಅಮ್ಮ. “ಸುಮ್ನ ನಿನ್ನ ಮಾರ್ಕ್ಸ್ ಹೋಗ್ತಾವ.”

ಅವಳು ಕಂಡದ್ದನ್ನೇ ಬರೆದಳು. ಮಾರ್ಕ್ಸ್ ಹೋದವು. ಅದೇ ವ್ಯಕ್ತಿಯ ಹಿಂದಿನ ದಾಖಲೆಗಳೆಲ್ಲ ಒಂದು ಹೇಳುವಾಗ ನಿನ್ನದೊಂದೇ ಬೇರೆ ಹೇಗೆ ಎಂದು ಆ ವಿಷಯದ ಮೇಡಂ ಕೆಂಪು ಗೀಟು ಎಳೆದರು. ಶಿವಲೀಲಾ ಆ ಹಾಳೆ ಹಿಡಿದು ನನ್ನ ಮುಂದೆ ನಿಂತಳು.

“ಸರ, ಮಾರ್ಕ್ಸ್ ಬ್ಯಾಡ್ರಿ. ಆ ಅಮ್ಮಗ ಏನರೆ ಆದ್ರ ಏನ ಮಾಡೂದ್ರಿ?”

ನನಗೆ ನಾಚಿಕೆಯಾಯಿತು. ಮುಂದಿನ ಬಸ್ಸಿಗೇ ಇಬ್ಬರೂ ಹೋದೆವು.

“ಅಮ್ಮ, ಅವೆಲ್ಲಾ ಸುಳ್ಳ ಬರದದ್ದು. ಅವರ್ಯಾರೂ ನಿಮ್ಮ ಬಿ.ಪಿ. ನೋಡಿಲ್ರಿ,” ಎಂದೆ.

ಮೈಮುನಬಿ ಅಮ್ಮನ ಸೂಜಿ ನಿಂತಿತು. ಆರು ವರ್ಷದಲ್ಲಿ ಅದು ನಿಂತದ್ದನ್ನು ನಾನು ನೋಡಿರಲಿಲ್ಲ.

“ನಾ ಹೇಳಿದ್ದ ಮನಿ ಸುಳ್ಳ ಇದ್ದೂರಿ ಸರ. ಅದು ನನಗೂ ಗೊತ್ತು, ನಿಮಗೂ ಗೊತ್ತು. ಆದ್ರ ಅಷ್ಟ ಹುಡುಗರು ನನ್ನ ಕೈ ಹಿಡದ ನೋಡಿದ್ದೂ ಸುಳ್ಳೇನ್ರಿ?”

ಅಮ್ಮನ ಚಪ್ಪಲಿಯನ್ನು ಶಿವಲೀಲಾ ತಂದು ಕಾಲ ಬಳಿ ಇಟ್ಟಳು. ಶಬ್ಬೀರಸಾಬರು ಅಂಗಡಿ ಮುಚ್ಚಿ ಬಂದರು.

ಆಸ್ಪತ್ರೆಯಲ್ಲಿ ಬಿ.ಪಿ. ಇನ್ನೂರಕ್ಕೆ ಬಂದಿತ್ತು. ಬಂದದ್ದು ಒಳ್ಳೆಯದಾಯಿತು, ಎರಡು ದಿನ ಇಲ್ಲೇ ಇರಲಿ ಎಂದರು ಡಾಕ್ಟರು. ನರ್ಸು ಫಾರ್ಮು ತಂದಳು. ಅಮ್ಮ ರೂಢಿಯಂತೆ ನೆಟ್ಟಗೆ ಕೂತರು.

“ವಯಸ್ಸು?”

“ಅರವತ್ತೊಂದ್ರಿ.”

ನನ್ನ ಮೊದಲ ಫಾರ್ಮಿನಲ್ಲೂ ಅರವತ್ತೊಂದೇ ಇತ್ತು. ಆಮೇಲಿನ ಫಾರ್ಮುಗಳಲ್ಲೂ ಅದೇ ಇತ್ತು. ಯಾರೂ ಅವರ ವಯಸ್ಸು ಏರಿಸಿರಲಿಲ್ಲ.

“ಅಮ್ಮ, ಅದು ಆರು ವರ್ಷದ ಹಿಂದಿಂದ್ರಿ,” ಎಂದೆ.

ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಇಲ್ಲಿ ಖರೇದ ಬರಸ್ಬೇಕೇನ್ರಿ ಸರ?”

“ಹೂಂನ್ರಿ ಅಮ್ಮ. ಖರೇದ.”

ಮೈಮುನಬಿ ಅಮ್ಮ ಒಂದೊಂದೇ ಬೆರಳು ಮಡಚಿ ಎಣಿಸತೊಡಗಿದರು. ನರ್ಸು ಪೆನ್ನು ಹಿಡಿದು ಕಾದಳು. ನಾನೂ ಕಾದೆ.